ದೊಡ್ಡವರ ಸುಂಕದ ಜಗಳ, ನಮ್ಮ ತೊಗರಿ ಚೀಲ: ಧಾರಣೆಯ ಲೆಕ್ಕ ಹಾಕುವ ಬಗೆ

2025ರ ಮಾರ್ಚ್ 20ರಿಂದ ಚೀನಾ, ಕೆನಡಾದಿಂದ ಬರುವ ಬಟಾಣಿಯ ಮೇಲೆ ನೂರಕ್ಕೆ ನೂರು ಸುಂಕ ಹಾಕಿತು. ಅದಕ್ಕೆ ಐದಾರು ತಿಂಗಳು ಮೊದಲು ಕೆನಡಾ, ಚೀನಾದ ವಿದ್ಯುತ್ ಕಾರುಗಳ ಮೇಲೆ ಅಷ್ಟೇ ಸುಂಕ ಹಾಕಿತ್ತು. ಕಾರಿನ ಸಿಟ್ಟು ಕಾಳಿನ ಮೇಲೆ ತೀರಿತು. ಈ ಜಗಳದಲ್ಲಿ ಭಾರತದ ಹೆಸರಿಲ್ಲ, ತೊಗರಿಯ ಹೆಸರಿಲ್ಲ, ಕಲಬುರಗಿಯ ಹೆಸರಂತೂ ಇಲ್ಲವೇ ಇಲ್ಲ. ಆದರೆ ಚೀನಾದ ಬಂದರಿಗೆ ಹೋಗಬೇಕಿದ್ದ ಬಟಾಣಿಗೆ ಬೇರೊಂದು ಬಂದರು ಬೇಕಿತ್ತು. 2023ರ ಡಿಸೆಂಬರ್‌ನಿಂದ ಹಳದಿ ಬಟಾಣಿಯನ್ನು ಸುಂಕವಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿದ್ದ ದೊಡ್ಡ ದೇಶವೊಂದಿತ್ತು. ಅದು ನಮ್ಮದು.

ಹಳದಿ ಬಟಾಣಿಯ ಬೇಳೆ ಅಗ್ಗವಾದರೆ ಹೋಟೆಲಿನ ಸಾಂಬಾರಿನಲ್ಲಿ ತೊಗರಿಬೇಳೆಯ ಪಾಲು ಇಳಿಯುತ್ತದೆ, ಕಡಲೆಹಿಟ್ಟಿನಲ್ಲಿ ಬಟಾಣಿ ಹಿಟ್ಟು ಸೇರಿಕೊಳ್ಳುತ್ತದೆ. ದಾಲ್ ಮಿಲ್ಲಿನವರು ತೊಗರಿ ಕೊಳ್ಳುವಾಗ ಮೊದಲಿನ ಅವಸರ ತೋರಿಸುವುದಿಲ್ಲ. ಕೊನೆಗೆ ಆಳಂದದ ರೈತನೊಬ್ಬ ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ತಂದ ಚೀಲದ ಮೇಲೆ ಕೂಗುವ ಬೆಲೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಕಡಿಮೆಯಾಗುತ್ತದೆ. ಅವನಿಗೆ ಕಾರಣ ಹೇಳುವವರು ಯಾರೂ ಇರುವುದಿಲ್ಲ.

ಆ ಕಾರಣವನ್ನು ಮೊದಲೇ ಹುಡುಕಿಕೊಳ್ಳುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹನ್ನೆರಡು ವರ್ಷ ಕಲಬುರಗಿಯ ಗಂಜಿನಲ್ಲಿ ಅಡತ್ (ದಲಾಲಿ) ಅಂಗಡಿಯ ಲೆಕ್ಕ ಬರೆದವನು ನಾನು. ನಮ್ಮ ಮನೆಯವರು ಈಗಲೂ ತೊಗರಿ ಬೆಳೆಯುತ್ತಾರೆ. ಹಾಗಾಗಿ ತಕ್ಕಡಿಯ ಎರಡೂ ಬದಿಯಲ್ಲಿ ನಿಂತು ನೋಡಿದ್ದೇನೆ. ಅರ್ಥಶಾಸ್ತ್ರ ಓದಿದವರಿಗೆ ಇದು ಸಣ್ಣ ವಿಷಯ ಎನ್ನಿಸಬಹುದು, ಆದರೆ ಸುಗ್ಗಿಯ ತಿಂಗಳಲ್ಲಿ ನಮ್ಮ ಭಾಗದ ಸಾವಿರಾರು ಮನೆಗಳ ವರ್ಷದ ಬದುಕು ಇದರ ಮೇಲೆಯೇ ನಿಂತಿರುತ್ತದೆ.

ಮೊದಲ ಹೆಜ್ಜೆ: ತಿರುಗಿದ ಹಡಗು ಎಲ್ಲಿಗೆ ಬಂತು ಎಂದು ಕೇಳಿ

ಟಿವಿಯಲ್ಲಿ ಸುಂಕದ ಸುದ್ದಿ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ, ‘ಯಾರು ಯಾರ ಮೇಲೆ ಹಾಕಿದರು?’ ನಾವು ಕೇಳಬೇಕಾದದ್ದು ಬೇರೆ. ಯಾವ ಸರಕಿಗೆ ಬಾಗಿಲು ಮುಚ್ಚಿತು, ಆ ಸರಕು ಮುಂದೆ ಯಾರ ಬಾಗಿಲು ತಟ್ಟುತ್ತದೆ?

ಇದಕ್ಕೆ ದೊಡ್ಡ ಉದಾಹರಣೆ 2018ರದು. ಆ ವರ್ಷದ ಜುಲೈನಲ್ಲಿ ಅಮೆರಿಕ ಚೀನಾದ ಸರಕುಗಳ ಮೇಲೆ ಶೇ 25 ಸುಂಕ ಹಾಕಿತು. ಚೀನಾ ಅದೇ ಶೇ 25ನ್ನು ಅಮೆರಿಕದ ಸೋಯಾ ಮೇಲೆ ಹಾಕಿತು. ಜಗತ್ತಿನಲ್ಲಿ ಅತಿ ಹೆಚ್ಚು ಸೋಯಾ ಕೊಳ್ಳುವ ದೇಶ ಚೀನಾ. ಅದು ಬ್ರೆಜಿಲ್‌ನತ್ತ ತಿರುಗಿದ ಕೂಡಲೇ ಬ್ರೆಜಿಲ್‌ನ ಸೋಯಾ ತುಟ್ಟಿಯಾಯಿತು, ಅಮೆರಿಕದ ಸೋಯಾ ಅಗ್ಗವಾಯಿತು. ಒಂದೇ ಕಾಳು, ಒಂದೇ ತಿಂಗಳು, ಎರಡು ಬೆಲೆ. ಜಗಳವಾಡಿದ ಇಬ್ಬರನ್ನು ಬಿಟ್ಟು ಉಳಿದ ಪ್ರತಿ ದೇಶಕ್ಕೂ ಒಂದೋ ಕೊಳ್ಳುವ ಅವಕಾಶ ಸಿಕ್ಕಿತು, ಇಲ್ಲವೇ ತನ್ನ ರೈತನನ್ನು ಕಾಯುವ ಚಿಂತೆ ಹತ್ತಿತು.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಿಗೆ ಇದನ್ನು ಹೊಂದಿಸಿ ನೋಡಿ. ನಮ್ಮ ಬೆಳೆಯ ಹೆಸರು ಸುದ್ದಿಯಲ್ಲಿ ಬರಲೇಬೇಕೆಂದಿಲ್ಲ. ಅದರ ಬದಲಿಗೆ ಬಳಸಬಹುದಾದ ಸರಕಿನ ಹೆಸರು ಬಂದರೆ ಸಾಕು. ತೊಗರಿಗೂ ಕಡಲೆಗೂ ಹಳದಿ ಬಟಾಣಿ, ಸೋಯಾಕ್ಕೆ ತಾಳೆ ಎಣ್ಣೆ, ನಮ್ಮ ಹತ್ತಿಗೆ ಬ್ರೆಜಿಲ್ ಮತ್ತು ಅಮೆರಿಕದ ಹತ್ತಿ. ಈ ಜೋಡಿಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ವಾಷಿಂಗ್ಟನ್ ಬಿಟ್ಟು ದೆಹಲಿ ನೋಡಿ

ನನ್ನ ಅನುಭವದಲ್ಲಿ ರೈತರೂ ವ್ಯಾಪಾರಿಗಳೂ ಹೆಚ್ಚು ಎಡವುವುದು ಇಲ್ಲಿಯೇ. ತಿರುಗಿದ ಹಡಗು ನಮ್ಮ ಬಂದರಿಗೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಟ್ರಂಪ್ ಅವರೂ ಅಲ್ಲ, ಷಿ ಜಿನ್‌ಪಿಂಗ್ ಅವರೂ ಅಲ್ಲ. ನಮ್ಮದೇ ಕೇಂದ್ರ ಸರ್ಕಾರದ ಎರಡು ಕಚೇರಿಗಳು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಯಾವ ಸರಕು ಮುಕ್ತವಾಗಿ ಬರಬಹುದು, ಎಷ್ಟು ಬರಬಹುದು ಎಂದು ಹೇಳುತ್ತದೆ. ಹಣಕಾಸು ಸಚಿವಾಲಯದ ಕಂದಾಯ ಇಲಾಖೆ ಸುಂಕ ಎಷ್ಟು ಎಂದು ಹೇಳುತ್ತದೆ.

ತೊಗರಿಯ ಕಥೆಯನ್ನೇ ನೋಡೋಣ. 2016–17ರಲ್ಲಿ ದೇಶದಲ್ಲಿ ತೊಗರಿ ಉಕ್ಕಿ ಬೆಳೆದು ಧಾರಣೆ ಕುಸಿದಾಗ, 2017ರ ಆಗಸ್ಟ್‌ನಲ್ಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿದರು. ಬೇಳೆ ತುಟ್ಟಿಯಾದಾಗ, 2021ರ ಮೇ ತಿಂಗಳಲ್ಲಿ, ಆ ಮಿತಿಯನ್ನು ತೆಗೆದು ಆಮದನ್ನು ಮುಕ್ತಗೊಳಿಸಿದರು. ಆಮೇಲೆ ವರ್ಷ ವರ್ಷ ವಿಸ್ತರಿಸುತ್ತ 2026ರ ಮಾರ್ಚ್ 31ರವರೆಗೆ ತಂದರು. 2024–25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಹೊರಗಿನಿಂದ ಬಂತು.

ಗಡುವಿನ ದಿನಾಂಕ ಗಮನಿಸಿ: ಮಾರ್ಚ್ 31. ನಮ್ಮ ತೊಗರಿಯ ರಾಶಿ ಡಿಸೆಂಬರ್–ಜನವರಿಯಲ್ಲಿ ಆಗುತ್ತದೆ, ಮಾರಾಟ ಮಾರ್ಚ್‌ವರೆಗೂ ನಡೆಯುತ್ತದೆ. ಮುಂದಿನ ವರ್ಷದ ಬಾಗಿಲು ತೆರೆದಿರುತ್ತದೋ ಇಲ್ಲವೋ ಎಂಬ ಮಾತು ಸರಿಯಾಗಿ ನಮ್ಮ ಚೀಲಗಳು ಗಂಜಿನಲ್ಲಿರುವಾಗಲೇ ಕೇಳಿಬರುತ್ತದೆ. ಆ ಕೆಲವು ವಾರ ದೊಡ್ಡ ಖರೀದಿದಾರರು ಕೈ ಬಿಗಿ ಹಿಡಿದು ಕಾಯುತ್ತಾರೆ. ರೈತನಿಗೆ ಕಾಯುವ ಶಕ್ತಿ ಇರುವುದಿಲ್ಲ. ಈ ಗಡುವನ್ನು ಬಿತ್ತನೆಗೆ ಮೊದಲೇ, ಮೇ ತಿಂಗಳಲ್ಲಿ, ಬೆಂಬಲ ಬೆಲೆಯ ಜೊತೆಗೇ ಪ್ರಕಟಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಏನು ಬಿತ್ತಬೇಕೆಂದು ತೀರ್ಮಾನಿಸುವವನಿಗೆ ಅದು ಜೂನ್‌ನಲ್ಲಿ ಬೇಕು, ಮಾರ್ಚ್‌ನಲ್ಲಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ‘ಆಮದು ಬಂದ್ ಆಯಿತು, ತೊಗರಿ ಮಾರಬೇಡಿ’ ಎಂಬ ಸಂದೇಶ ಬಂದರೆ ಮೊದಲು ಮೂರು ವಿಷಯ ಹುಡುಕಿ. ಅಧಿಸೂಚನೆಯ ಸಂಖ್ಯೆ ಇದೆಯೇ, ದಿನಾಂಕ ಇದೆಯೇ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದಿದೆಯೇ? ಇವು ಇಲ್ಲದ ಸಂದೇಶ ಬರೀ ಗಾಳಿ ಮಾತು. ಹಳೆಯ ವರ್ಷದ ಅಧಿಸೂಚನೆಯನ್ನೇ ಹೊಸದೆಂದು ಹರಿಬಿಟ್ಟದ್ದನ್ನು ನಾನೇ ಹಲವು ಸಲ ನೋಡಿದ್ದೇನೆ.

ಮೂರನೆಯ ಹೆಜ್ಜೆ: ಡಾಲರ್–ಟನ್ನನ್ನು ರೂಪಾಯಿ–ಕ್ವಿಂಟಲ್ ಮಾಡಿ

ಈ ಲೆಕ್ಕ ಬಂದರೆ ಅರ್ಧ ಭಯ ಹೋಗುತ್ತದೆ. ಹೊರದೇಶದ ಬೆಲೆ ಡಾಲರಿನಲ್ಲಿ, ಟನ್ನಿನ ಲೆಕ್ಕದಲ್ಲಿ ಇರುತ್ತದೆ. ಟನ್ನಿಗೆ ಹತ್ತು ಕ್ವಿಂಟಲ್. ಡಾಲರ್ ಬೆಲೆಯನ್ನು ಆ ದಿನದ ರೂಪಾಯಿ ದರದಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಬಂದರಿನಲ್ಲಿ ಕ್ವಿಂಟಲಿನ ಬೆಲೆ ಸಿಗುತ್ತದೆ. ಆಮೇಲೆ ಸುಂಕ ಸೇರಿಸಬೇಕು.

ಲೆಕ್ಕ ಕಲಿಯಲಿಕ್ಕೆಂದು ಒಂದು ಬೆಲೆ ಹಿಡಿಯೋಣ. ಹಳದಿ ಬಟಾಣಿ ಟನ್ನಿಗೆ 350 ಡಾಲರ್, ಡಾಲರಿಗೆ 88 ರೂಪಾಯಿ. 350ನ್ನು 88ರಿಂದ ಗುಣಿಸಿದರೆ 30,800. ಕ್ವಿಂಟಲಿಗೆ 3,080 ರೂಪಾಯಿ. 2025ರ ನವೆಂಬರ್ 1ರಿಂದ ಸರ್ಕಾರ ಹಳದಿ ಬಟಾಣಿಗೆ ಶೇ 30 ಸುಂಕ ಹಾಕಿತು. ಅದನ್ನು ಸೇರಿಸಿದರೆ 4,004 ರೂಪಾಯಿ. ಬಂದರಿನ ಖರ್ಚು, ಲಾರಿ ಬಾಡಿಗೆ ಬೇರೆ. ಕಡಲೆಯ ಬೆಂಬಲ ಬೆಲೆ 2025–26ರ ಹಿಂಗಾರಿ ಮಾರಾಟಕ್ಕೆ 5,650 ರೂಪಾಯಿ ಇತ್ತು. ಅಂದರೆ ಶೇ 30 ಸುಂಕ ಬಿದ್ದ ಮೇಲೂ ಬಟಾಣಿ ನಮ್ಮ ಕಡಲೆಗಿಂತ ಅಗ್ಗವಾಗಿಯೇ ಇರಲು ಸಾಧ್ಯ. ‘ಸುಂಕ ಹಾಕಿದರು, ಇನ್ನು ಚಿಂತೆಯಿಲ್ಲ’ ಎಂದು ಪೇಪರ್ ಓದಿ ಖುಷಿಪಟ್ಟವರು ಈ ಗುಣಾಕಾರ ಮಾಡಿ ನೋಡಿದ್ದರೆ ಕಡಲೆಯನ್ನು ಅಷ್ಟು ದಿನ ಹಿಡಿದಿಡುತ್ತಿರಲಿಲ್ಲ.

ರೂಪಾಯಿಯ ಏರಿಳಿತವನ್ನೂ ಮರೆಯಬೇಡಿ. ಟನ್ನಿಗೆ 700 ಡಾಲರಿನ ತೊಗರಿ ಇದ್ದರೆ, ಡಾಲರಿಗೆ 85 ರೂಪಾಯಿ ಇದ್ದಾಗ ಅದು ಕ್ವಿಂಟಲಿಗೆ 5,950. ಡಾಲರ್ 90 ಆದಾಗ 6,300. ಹೊರಗೆ ಬೆಲೆ ಒಂದು ಪೈಸೆಯೂ ಏರದೆ, ನಮ್ಮ ಬಂದರಿನಲ್ಲಿ ಮುನ್ನೂರೈವತ್ತು ರೂಪಾಯಿ ಏರಿತು. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಗೊಬ್ಬರಕ್ಕೂ ಪೆಟ್ರೋಲಿಗೂ ಇದು ಕೆಟ್ಟ ಸುದ್ದಿ, ಆದರೆ ತೊಗರಿ ಮಾರುವವನಿಗೆ ಆಸರೆ.

ತೊಗರಿಗೆ ಹಡಗಿನ ಪಂಚಾಂಗ

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸೇಡಂ, ಚಿಂಚೋಳಿ, ಚಿತ್ತಾಪುರ, ಜೇವರ್ಗಿಯ ಸುಣ್ಣಾಂಶದ ಕರಿಮಣ್ಣಿನಲ್ಲಿ ಬೆಳೆದ ಕಾಳಿನ ರುಚಿ ಬೇರೆ, ಅದು ಬೇಯುವ ಹದವೂ ಬೇರೆ. ನಾನು ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಗಂಜಿನಲ್ಲಿ ಖರೀದಿದಾರ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಹತ್ತಿಪ್ಪತ್ತು ಕಾಳು ಸುರಿದುಕೊಂಡು, ಒಂದನ್ನು ಹಲ್ಲಿನಿಂದ ಕಟ್ ಎಂದು ಕಡಿದು ತೇವ ನೋಡುವಾಗ, ಅವನ ಇನ್ನೊಂದು ಕೈಯಲ್ಲಿರುವ ಮೊಬೈಲಿನಲ್ಲಿ ಚೆನ್ನೈ ಬಂದರಿನ ‘ಲೆಮನ್’ ದರ ಇರುತ್ತದೆ. ಲೆಮನ್ ಎಂದರೆ ಮ್ಯಾನ್ಮಾರ್‌ನಿಂದ ಬರುವ ತೊಗರಿ. ಆಫ್ರಿಕಾದಿಂದ ಬರುವುದನ್ನು ಗಜರಿ, ಮಾತ್ವಾರಾ, ಅರುಷಾ ಎಂದು ಕರೆಯುತ್ತಾರೆ, ಅದು ಬಹುಪಾಲು ಮುಂಬೈ ಕಡೆಯ ಬಂದರಿಗೆ ಇಳಿಯುತ್ತದೆ. ನೀವೂ ಆ ದರ ತಿಳಿದುಕೊಂಡೇ ಗಂಜಿಗೆ ಹೋಗಿ. ‘ಸಾಹುಕಾರರೇ, ಇವತ್ತು ಲೆಮನ್ ಎಷ್ಟಿದೆ?’ ಎಂದು ನೀವು ಕೇಳಿದ ಕ್ಷಣವೇ ನಿಮ್ಮೊಂದಿಗೆ ಮಾತನಾಡುವ ಧಾಟಿ ಬದಲಾಗುತ್ತದೆ.

ಹಡಗುಗಳಿಗೂ ಒಂದು ಪಂಚಾಂಗವಿದೆ. ಮೊಜಾಂಬಿಕ್, ಮಲಾವಿ, ತಾಂಜಾನಿಯಾದ ಬೆಳೆ ನಮ್ಮ ಮಳೆಗಾಲದಲ್ಲಿ ಕೊಯ್ಲಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಬರುತ್ತದೆ. ಮ್ಯಾನ್ಮಾರ್‌ನ ಬೆಳೆ ನಮ್ಮ ಬೆಳೆಯ ಜೊತೆಗೇ ಕೊಯ್ಲಾಗಿ ಫೆಬ್ರುವರಿಯ ನಂತರ ಬರುತ್ತದೆ. ಕೆನಡಾದ ಬಟಾಣಿ ಅಕ್ಟೋಬರ್‌ನಿಂದ ಶುರು. ಇವುಗಳಲ್ಲಿ ಕೆಲವಕ್ಕೆ 2025–26ರವರೆಗೆ ಸರ್ಕಾರಗಳ ನಡುವೆ ಒಪ್ಪಂದವೇ ಇತ್ತು: ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ, ಮಲಾವಿಯಿಂದ 50 ಸಾವಿರ ಟನ್ ತೊಗರಿ.

ನಮ್ಮ ಕಾಕಾ ಈ ಪಂಚಾಂಗ ನೋಡದೆ ಪೆಟ್ಟು ತಿಂದರು. 2024ರ ಬೇಸಿಗೆಯಲ್ಲಿ ಅವರ ಮನೆಯಲ್ಲಿ 18 ಕ್ವಿಂಟಲ್ ತೊಗರಿ ಉಳಿದಿತ್ತು. ಕ್ವಿಂಟಲಿಗೆ 10,400 ರೂಪಾಯಿಗೆ ಕೇಳಿದವರಿದ್ದರು.

‘ಕಾಕಾ, ಕೊಟ್ಟುಬಿಡಿ’ ಎಂದೆ.

‘ಇನ್ನೂ ಏರುತ್ತದೆ ತಮ್ಮಾ, ಹನ್ನೆರಡು ಆಗಲಿ’ ಎಂದರು.

ಜೂನ್ 21ಕ್ಕೆ ಕೇಂದ್ರ ಸರ್ಕಾರ ತೊಗರಿ, ಕಡಲೆ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿ 200 ಟನ್ನಿಗಿಂತ ಹೆಚ್ಚು ಇಡುವಂತಿರಲಿಲ್ಲ. ರೈತನಿಗೆ ಮಿತಿ ಇರಲಿಲ್ಲ ನಿಜ, ಆದರೆ ಕೊಳ್ಳುವವನ ಕೈ ಕಟ್ಟಿದರೆ ಮಾರುವವನ ಕೈಯೂ ಕಟ್ಟಿದಂತೆಯೇ. ಆಗಸ್ಟ್‌ನಿಂದ ಆಫ್ರಿಕಾದ ಹಡಗುಗಳು ಬಂದವು. ಡಿಸೆಂಬರ್‌ನಲ್ಲಿ ಹೊಸ ಬೆಳೆಯೂ ಬಂತು. 2025ರ ಜನವರಿಯಲ್ಲಿ ಕಾಕಾ ಅದೇ ತೊಗರಿಯನ್ನು 7,300ಕ್ಕೆ ಮಾರಿದರು. ಆ ವರ್ಷದ ಬೆಂಬಲ ಬೆಲೆ 7,550. ಅದಕ್ಕೂ ಕಡಿಮೆ. ಒಟ್ಟು 55,800 ರೂಪಾಯಿ ಹೋಯಿತು. ಆ ಲೆಕ್ಕವನ್ನು ನಾನೇ ಬರೆದೆ, ಆ ದಿನ ಕೈ ನಡುಗಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ತೊಗರಿ ಇಡುವುದಾದರೆ ಜುಲೈವರೆಗೆ. ಆಫ್ರಿಕಾದ ಹಡಗು ಹೊರಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಳೆಯ ಕಾಳು ಇರಬಾರದು, ಊಟಕ್ಕೆ ಬೇಕಾದಷ್ಟನ್ನು ಬಿಟ್ಟು.

ಬೀದರಿನ ಸೋಯಾ: ಎಣ್ಣೆ ಒಂದು ಕಡೆ, ಹಿಂಡಿ ಇನ್ನೊಂದು ಕಡೆ

ಭಾಲ್ಕಿ, ಔರಾದ್, ಬಸವಕಲ್ಯಾಣದ ರೈತರು ತಮ್ಮ ಊರಿನ ಧಾರಣೆಗಿಂತ ಲಾತೂರು, ಉದಗೀರಿನ ಧಾರಣೆಯನ್ನೇ ಹೆಚ್ಚು ನೋಡುತ್ತಾರೆ. ಅದು ಸರಿಯೇ. ಆದರೆ ಲಾತೂರಿನ ಮಿಲ್ಲಿನವರು ಏನು ನೋಡುತ್ತಾರೆ?

ಒಂದು ಕ್ವಿಂಟಲ್ ಸೋಯಾ ಗಾಣಕ್ಕೆ ಹಾಕಿದರೆ ಸುಮಾರು 18 ಕೆ.ಜಿ. ಎಣ್ಣೆ, 80 ಕೆ.ಜಿ.ಯಷ್ಟು ಹಿಂಡಿ ಬರುತ್ತದೆ. ಎಣ್ಣೆಯ ಬೆಲೆ ಕೆ.ಜಿ.ಗೆ ಹತ್ತು ರೂಪಾಯಿ ಏರಿದರೆ ಮಿಲ್ಲಿಗೆ ಕ್ವಿಂಟಲಿನ ಮೇಲೆ 180 ರೂಪಾಯಿ ಲಾಭ. ಹಿಂಡಿಯ ಬೆಲೆ ಐದೇ ರೂಪಾಯಿ ಇಳಿದರೂ 400 ರೂಪಾಯಿ ನಷ್ಟ. ಆದ್ದರಿಂದಲೇ ಅಡುಗೆ ಎಣ್ಣೆ ತುಟ್ಟಿಯಾದಾಗಲೂ ಸೋಯಾ ಬೆಲೆ ಬಿದ್ದಿರುವ ವಿಚಿತ್ರ ನಮಗೆ ಕಾಣುತ್ತದೆ. ಅಂಗಡಿಯಲ್ಲಿ ಎಣ್ಣೆಗೆ ಹೆಚ್ಚು ಕೊಟ್ಟು, ಮಂಡಿಯಲ್ಲಿ ಸೋಯಾಗೆ ಕಡಿಮೆ ಪಡೆಯುವ ರೈತನ ಸಿಟ್ಟು ನ್ಯಾಯವಾದದ್ದು.

ಎಣ್ಣೆಯ ಸುಂಕ ದೆಹಲಿಯ ಕೈಯಲ್ಲಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಗಳ ಒಟ್ಟು ಸುಂಕವನ್ನು ಶೇ 5.5ರಿಂದ 27.5ಕ್ಕೆ ಏರಿಸಿದರು, 2025ರ ಮೇ ಕೊನೆಯಲ್ಲಿ 16.5ಕ್ಕೆ ಇಳಿಸಿದರು. ಆ ಇಳಿಕೆ ಬಂದದ್ದು ಬಿತ್ತನೆಗೆ ಎರಡು ವಾರ ಮೊದಲು. ನಮ್ಮ ಹೊಲಗಳಿಂದ ಸೂರ್ಯಕಾಂತಿ ಹೆಚ್ಚುಕಡಿಮೆ ಮಾಯವಾದದ್ದರಲ್ಲಿ ಅಗ್ಗದ ಆಮದು ಎಣ್ಣೆಯ ಪಾಲು ದೊಡ್ಡದು ಎಂದೇ ನಾನು ನಂಬಿದ್ದೇನೆ.

ಹಿಂಡಿಯದು ಬೇರೆ ಲೆಕ್ಕ. 2025ರಲ್ಲಿ ಚೀನಾ ತಿಂಗಳುಗಟ್ಟಲೆ ಅಮೆರಿಕದ ಹೊಸ ಸೋಯಾ ಕೊಳ್ಳಲಿಲ್ಲ. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಎರಡು ದೇಶಗಳ ಅಧ್ಯಕ್ಷರು ಭೇಟಿಯಾದ ಮೇಲೆ ಮತ್ತೆ ಕೊಳ್ಳಲು ಒಪ್ಪಿತು. ಇಂಥ ಸುದ್ದಿ ಬಂದಾಗ ಜಗತ್ತಿನ ಹಿಂಡಿ ಬೆಲೆ ಅಲುಗಾಡುತ್ತದೆ, ನಮ್ಮ ಹಿಂಡಿಯ ರಫ್ತಿಗೂ ಅದು ತಟ್ಟುತ್ತದೆ. ಹಾಗೆಂದು ಎಲ್ಲವನ್ನೂ ಸುಂಕದ ತಲೆಗೆ ಕಟ್ಟಬೇಡಿ. ನಮ್ಮ ದೇಶದಲ್ಲೇ ಮೆಕ್ಕೆಜೋಳ, ಅಕ್ಕಿಯಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಟ್ಟು ಕೋಳಿ ಆಹಾರಕ್ಕೆ ಹೋಗುತ್ತಿದೆ, ಸೋಯಾ ಹಿಂಡಿಯ ಜಾಗವನ್ನು ಅದು ಕಿತ್ತುಕೊಂಡಿದೆ. ಇನ್ನು 2025ರ ಸೆಪ್ಟೆಂಬರ್‌ನಲ್ಲಿ ಮಳೆ ಸುರಿದು ಭೀಮಾ ಉಕ್ಕಿದಾಗ ನಮ್ಮ ಭಾಗದ ಹೊಲಗಳಲ್ಲಿ ನೀರು ನಿಂತು ಬೆಳೆ ಹಾಳಾಯಿತು. ತೇವ ಹಿಡಿದು ಕಪ್ಪಾದ ಕಾಳಿಗೆ ಬೆಲೆ ಸಿಗದಿದ್ದರೆ ಅದರಲ್ಲಿ ಚೀನಾದ ತಪ್ಪಿಲ್ಲ. ಬೆಲೆ ಬಿದ್ದಾಗ ಮೊದಲು ನಿಮ್ಮ ಕಾಳು ನೋಡಿ, ಆಮೇಲೆ ಲಾತೂರು, ಆಮೇಲೆ ದೆಹಲಿ, ಕೊನೆಗೆ ಹೊರದೇಶ. ಈ ಕ್ರಮ ತಪ್ಪಿಸಬೇಡಿ.

ಯಾದಗಿರಿಯ ಹತ್ತಿ

2025ರ ಆಗಸ್ಟ್ 7ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 25 ಸುಂಕ ಹಾಕಿತು. ರಷ್ಯಾದ ತೈಲ ಕೊಳ್ಳುತ್ತೀರಿ ಎಂಬ ಕಾರಣ ಹೇಳಿ ಆಗಸ್ಟ್ 27ರಿಂದ ಇನ್ನೂ ಶೇ 25 ಸೇರಿಸಿತು. ತಿರುಪ್ಪೂರಿನ ಸಿದ್ಧ ಉಡುಪಿಗೆ ಅಮೆರಿಕ ದೊಡ್ಡ ಗಿರಾಕಿ. ಉಡುಪಿನ ಆರ್ಡರ್ ನಿಂತರೆ ನೂಲಿನ ಗಿರಣಿ ನಿಧಾನವಾಗುತ್ತದೆ, ನೂಲು ನಿಂತರೆ ಹತ್ತಿ ಕೇಳುವವರಿಲ್ಲ. ಇದು ಮೊದಲ ಏಟು.

ಎರಡನೆಯ ಏಟು ಮನೆಯೊಳಗಿಂದ ಬಂತು. ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲಿ ಎಂದು ಕೇಂದ್ರ ಸರ್ಕಾರ ಆಗಸ್ಟ್ 19ರಿಂದ ಹತ್ತಿಯ ಶೇ 11 ಆಮದು ಸುಂಕವನ್ನು ತೆಗೆದುಹಾಕಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಶಹಾಪುರ, ಸುರಪುರ, ವಡಗೇರಾದಲ್ಲಿ ಹತ್ತಿ ಬಿಡಿಸುವ ಕಾಲ ಸರಿಯಾಗಿ ಅದೇ. ಗಿರಣಿ ಬದುಕಬೇಕು ಎಂಬುದು ನಿಜ. ಆದರೆ ಅದರ ಬೆಲೆಯನ್ನು ಹತ್ತಿ ಬಿಡಿಸುವ ಹೆಣ್ಣುಮಗಳ ಕೂಲಿಯಿಂದ, ಒಣಬೇಸಾಯದ ರೈತನ ಚೀಲದಿಂದ ತೆಗೆಯಬಾರದು.

ಇಂಥ ವರ್ಷ ಬಂದರೆ ಮಾಡಬೇಕಾದ ಕೆಲಸ ಒಂದೇ: ಭಾರತೀಯ ಹತ್ತಿ ನಿಗಮದ ಖರೀದಿಗೆ ಮೊದಲೇ ಹೆಸರು ನೋಂದಾಯಿಸುವುದು. 2025–26ರಿಂದ ಅದಕ್ಕೆ ‘ಕಪಾಸ್ ಕಿಸಾನ್’ ಎಂಬ ಆ್ಯಪ್ ಬಂದಿದೆ. ಆ ವರ್ಷ ಉದ್ದ ಎಳೆಯ ಹತ್ತಿಗೆ 8,110, ಮಧ್ಯಮ ಎಳೆಯದಕ್ಕೆ 7,710 ರೂಪಾಯಿ ಬೆಂಬಲ ಬೆಲೆ ಇತ್ತು. ತೇವಾಂಶ ಶೇ 8 ಇದ್ದರೆ ಪೂರ್ಣ ಬೆಲೆ, 12ರವರೆಗೆ ಕಡಿತ, ಅದಕ್ಕೂ ಮೀರಿದರೆ ಕೊಳ್ಳುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಬಿಡಿಸಿದ ಹತ್ತಿಯನ್ನು ಅದೇ ದಿನ ಗಾಡಿಗೆ ಹೇರಬೇಡಿ. ಮಾಳಿಗೆಯ ಮೇಲೆ ತೆಳುವಾಗಿ ಹರಡಿ ಬಿಸಿಲು ಕಾಣಿಸಿ, ಮೊದಲ ಬಿಡಿಕೆಯನ್ನು ಕೊನೆಯ ಬಿಡಿಕೆಯೊಂದಿಗೆ ಬೆರೆಸದೆ ಬೇರೆ ಚೀಲದಲ್ಲಿ ತುಂಬಿ.

ಗೊಬ್ಬರ ಸಿಗದಿದ್ದರೆ

ಮಾರುವ ಬೆಲೆಯಷ್ಟೇ ಅಲ್ಲ, ಬೆಳೆಯುವ ಖರ್ಚಿಗೂ ಈ ಜಗಳ ತಟ್ಟುತ್ತದೆ. ದೇಶಕ್ಕೆ ಬೇಕಾದ ಡಿಎಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ಚೀನಾ ರಸಗೊಬ್ಬರ ರಫ್ತಿಗೆ ತಪಾಸಣೆಯ ನಿಯಮ ತಂದಂದಿನಿಂದ ಆ ಬಾಗಿಲು ಒಮ್ಮೆ ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. 50 ಕೆ.ಜಿ. ಡಿಎಪಿ ಚೀಲಕ್ಕೆ ಸರ್ಕಾರ 1,350 ರೂಪಾಯಿ ಎಂದು ಕಟ್ಟಿಟ್ಟಿರುವುದರಿಂದ ಕೊರತೆ ಬೆಲೆಯಲ್ಲಿ ಕಾಣುವುದಿಲ್ಲ, ಜೂನ್‌ನ ಸರತಿ ಸಾಲಿನಲ್ಲಿ ಕಾಣುತ್ತದೆ.

ತೊಗರಿ ಬೆಳೆಯುವವರು ಡಿಎಪಿಗಾಗಿ ಬೆಳಗಿನ ಐದು ಗಂಟೆಗೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಎಕರೆಗೆ ಬೇಕಾದದ್ದು ಸುಮಾರು 10 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ. 125 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ 20 ಕೆ.ಜಿ. ರಂಜಕ ಸಿಗುತ್ತದೆ, 22 ಕೆ.ಜಿ. ಯೂರಿಯಾದಲ್ಲಿ 10 ಕೆ.ಜಿ. ಸಾರಜನಕ. ಜೊತೆಗೆ ಸೂಪರ್ ಫಾಸ್ಫೇಟ್‌ನಲ್ಲಿ ಗಂಧಕವೂ ಇದೆ, ಬೇಳೆಕಾಳಿಗೂ ಎಣ್ಣೆಕಾಳಿಗೂ ಅದು ಬೇಕು. ಡಿಎಪಿಯಲ್ಲಿ ಅದಿಲ್ಲ. ಚೀಲಗಳು ಹೆಚ್ಚು, ಹೊರುವ ಶ್ರಮ ಹೆಚ್ಚು ಎಂಬುದೊಂದೇ ತೊಂದರೆ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಂತೆ ಈ ಪ್ರಮಾಣ ಬದಲಿಸಿ. ಬೀಜಕ್ಕೆ ರೈಜೋಬಿಯಂ ಮತ್ತು ರಂಜಕ ಕರಗಿಸುವ ಜೀವಾಣು ಲೇಪಿಸುವುದನ್ನು ಬಿಡಬೇಡಿ.

ಬಿದರಿ ಕೆಲಸದವರಿಗೆ ಒಂದು ಮಾತು

ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಬೆಳ್ಳಿಯ ಎಳೆ, ಕೊನೆಗೆ ಬೀದರ್ ಕೋಟೆಯ ಮಣ್ಣಿನ ಕಪ್ಪು. ಇವುಗಳಲ್ಲಿ ಮಣ್ಣೊಂದನ್ನು ಬಿಟ್ಟು ಉಳಿದದ್ದರ ಬೆಲೆಯೆಲ್ಲ ಹೊರಗೆ ತೀರ್ಮಾನವಾಗುತ್ತದೆ. 2025ರ ಒಂದೇ ವರ್ಷದಲ್ಲಿ ಬೆಳ್ಳಿಯ ಬೆಲೆ ದುಪ್ಪಟ್ಟು ದಾಟಿತು, ಅದೇ ವರ್ಷ ಅಮೆರಿಕದ ಸುಂಕವೂ ಬಿತ್ತು. ಮೂರು ತಿಂಗಳ ಕೆಲಸದ ಆರ್ಡರನ್ನು ಒಂದೇ ಬೆಲೆಗೆ ಒಪ್ಪಿಕೊಳ್ಳಬೇಡಿ. ಕೂಲಿ ಬೇರೆ, ಬೆಳ್ಳಿಯ ತೂಕ ಬೇರೆ ಎಂದು ಎರಡು ಸಾಲು ಬರೆಯಿರಿ. ‘ಬೆಳ್ಳಿಗೆ ಸರಕು ಒಪ್ಪಿಸುವ ದಿನದ ದರ’ ಎಂದು ಆರ್ಡರ್ ಚೀಟಿಯಲ್ಲೇ ಸೇರಿಸಿ, ಬೆಳ್ಳಿಯಷ್ಟು ಹಣವನ್ನು ಮುಂಗಡ ಕೇಳಿ. ಕೇಳಲು ಸಂಕೋಚಪಟ್ಟರೆ ಬೆಲೆ ಏರಿಕೆಯ ನಷ್ಟ ಕುಶಲಕರ್ಮಿಯ ಕೂಲಿಯಿಂದಲೇ ಹೋಗುತ್ತದೆ.

ಮಾರುವುದೋ, ಇಡುವುದೋ

ಎಲ್ಲ ಲೆಕ್ಕ ಹಾಕಿದ ಮೇಲೂ ನಾಳಿನ ಬೆಲೆ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ರಾಶಿಯನ್ನು ಮೂರು ಪಾಲು ಮಾಡಿ. ಮೊದಲ ಪಾಲನ್ನು ರಾಶಿ ಆದ ಕೂಡಲೇ ಮಾರಿ, ಬೀಜ ಗೊಬ್ಬರದ ಸಾಲ, ಕಟಾವಿನ ಕೂಲಿ ತೀರಿಸಿ. ಎರಡನೆಯದನ್ನು ಬೆಂಬಲ ಬೆಲೆಯ ಕೇಂದ್ರಕ್ಕೆಂದು ಇಡಿ. 2025ರ ಬಜೆಟ್‌ನಲ್ಲಿ ತೊಗರಿ, ಉದ್ದು, ಮಸೂರವನ್ನು ರೈತರು ತಂದಷ್ಟನ್ನೂ ನಾಲ್ಕು ವರ್ಷ ಕೊಳ್ಳುವುದಾಗಿ ಕೇಂದ್ರ ಹೇಳಿದೆ. 2025–26ರ ತೊಗರಿಗೆ ಆ ಬೆಲೆ 8,000 ರೂಪಾಯಿ. ಆದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಲ್ಲದೆ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮುಂದೆ ತೊಗರಿ ಎಂದು ದಾಖಲಾಗದೆ ಖರೀದಿ ಕೇಂದ್ರದ ಬಾಗಿಲಲ್ಲಿ ವಾಪಸ್ ಕಳುಹಿಸುತ್ತಾರೆ. ಇವನ್ನು ಸುಗ್ಗಿಯಲ್ಲಿ ಅಲ್ಲ, ಮಳೆಗಾಲದಲ್ಲೇ ಸರಿಮಾಡಿಸಿ. ಕಾಳಿನ ತೇವ ಶೇ 12 ಮೀರಬಾರದು.

ಮೂರನೆಯ ಪಾಲನ್ನು ಇಡಬಹುದು, ಇಡುವ ಖರ್ಚನ್ನು ಬರೆದಿಟ್ಟರೆ. 7,500 ರೂಪಾಯಿಯ ಕ್ವಿಂಟಲಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದರೆ 75 ರೂಪಾಯಿ. ನಾಲ್ಕು ತಿಂಗಳಿಗೆ 300. ಗೋದಾಮಿನ ಬಾಡಿಗೆ, ಹುಳುವಿನ ಔಷಧಿ, ಒಣಗಿ ಕಡಿಮೆಯಾಗುವ ತೂಕ ಸೇರಿ ಇನ್ನೊಂದು ನೂರು ಹಿಡಿಯಿರಿ. ಬೆಲೆ 7,900 ದಾಟಿದಾಗ ನಿಮಗೆ ಲಾಭ ಶುರುವಾಗುತ್ತದೆ, ಅದಕ್ಕೂ ಮೊದಲಲ್ಲ. ಮನೆಯ ಬದಲು ಮಾನ್ಯತೆ ಪಡೆದ ಉಗ್ರಾಣದಲ್ಲಿಟ್ಟರೆ ರಸೀದಿಯ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಅವಸರಕ್ಕೆ ಬಿದ್ದು ಮಾರುವುದು ತಪ್ಪುತ್ತದೆ.

ಒಂದು ಪುಟದ ನೋಟ್‌ಬುಕ್

ಇದಕ್ಕೆಲ್ಲ ದಿನಕ್ಕೆ ಹತ್ತು ನಿಮಿಷ ಸಾಕು. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದುಕೊಳ್ಳಿ: ದಿನಾಂಕ, ನಮ್ಮ ಎಪಿಎಂಸಿಯ ಮಾದರಿ ಧಾರಣೆ (ಆ ದಿನ ಹೆಚ್ಚು ಸರಕು ಮಾರಿದ ಬೆಲೆ) ಮತ್ತು ಆವಕ (ಬಂದ ಸರಕಿನ ಪ್ರಮಾಣ), ಚೆನ್ನೈ ಲೆಮನ್ ಅಥವಾ ಲಾತೂರಿನ ಸೋಯಾ, ಡಾಲರ್, ಕೊನೆಯಲ್ಲಿ ಸುದ್ದಿ. ಎಪಿಎಂಸಿ ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನವೂ ಬರುತ್ತದೆ. ಸುದ್ದಿಯ ಗೆರೆಯಲ್ಲಿ ಅಧಿಸೂಚನೆಯ ಸಂಖ್ಯೆ ಇದ್ದರೆ ಮಾತ್ರ ಪೆನ್ನಿನಿಂದ ಬರೆಯಿರಿ. ಕೇಳಿದ ಮಾತಾದರೆ ಪೆನ್ಸಿಲ್.

ಆವಕ ಹೆಚ್ಚದೆ ನಮ್ಮ ಧಾರಣೆ ಬಿದ್ದು, ಲೆಮನ್ ದರ ನಿಂತಲ್ಲೇ ನಿಂತಿದ್ದರೆ ಅದು ಹೊರದೇಶದ ಪೆಟ್ಟಲ್ಲ, ಸ್ಥಳೀಯ ಖರೀದಿದಾರರು ಬಿಗಿ ಹಿಡಿದಿದ್ದಾರೆ ಎಂದರ್ಥ. ಎರಡು ದಿನ ಬಿಟ್ಟು ಬನ್ನಿ, ಇಲ್ಲವೇ ಬೇರೆ ಮಾರುಕಟ್ಟೆ ವಿಚಾರಿಸಿ. ಲೆಮನ್ ಕೂಡ ಬಿದ್ದಿದ್ದರೆ ಕೊನೆಯ ಗೆರೆ ನೋಡಿ. ಅಲ್ಲಿ ಪೆನ್ನಿನಲ್ಲಿ ಏನೂ ಬರೆದಿಲ್ಲವೆಂದರೆ ಗಾಬರಿಯಾಗದೆ ಕಾಯಬಹುದು. ಪೆನ್ನಿನಲ್ಲಿ ಬರೆದ ಸಾಲಿದ್ದರೆ, ಮೂರನೆಯ ಪಾಲನ್ನು ಅದೇ ವಾರ ಗಾಡಿಗೆ ಹೇರಿ.